ಕಾಣದ ಕಿರಣಕ್ಕೊಂದು ಅಳತೆಗೋಲು

ಕ್ಯಾನ್ಸರ್ ರೋಗಕ್ಕೆ ಕಿರಣಚಿಕಿತ್ಸೆಯೆಂಬುದೊಂದು ಉಂಟೆಂದು ವಾಚಕರಲ್ಲಿ ಬಹುಮಂದಿ ಕೇಳಿಯೇ ಇರುವರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಎಷ್ಟೋ ಕುಟುಂಬಗಳವರು ಈ ಚಿಕಿತ್ಸೆಗಾಗಿ ಬೆಂಗಳೂರಿಗೆ ಹೋಗಿ, 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯಂಥ ಆಸ್ಪತ್ರೆಗಳ ಸಮೀಪದಲ್ಲಿ ವಾರಗಟ್ಟಲೆ ತಂಗುವುದುಂಟು. ವೈದ್ಯರು ಚೀಟಿಯಲ್ಲಿ ಬರೆಯುವುದು ಬಹಳ ಸರಳವಾಗಿ ಕಾಣುತ್ತದೆ: ದಿನಕ್ಕೆ 2 ಗ್ರೇ, ವಾರಕ್ಕೆ 5 ದಿನ, ಹೀಗೆ 6 ವಾರ, ಒಟ್ಟು 60 ಗ್ರೇ. ರೋಗಿಯು ಯಂತ್ರದ ಕೆಳಗೆ ಮಲಗುತ್ತಾನೆ. ಬೆಳಕು ಕಾಣುವುದಿಲ್ಲ, ಬಿಸಿ ತಾಗುವುದಿಲ್ಲ, ನೋವೂ ಆಗುವುದಿಲ್ಲ. ಒಂದೆರಡು ನಿಮಿಷಗಳಲ್ಲಿ ಯಂತ್ರ ನಿಲ್ಲುತ್ತದೆ. ರೋಗಿ ಎದ್ದು ಹೊರಗೆ ಬರುತ್ತಾನೆ.

ಅವನಿಗೆ ಸಂದುದು 2 ಗ್ರೇ ಎಂಬುದಕ್ಕೆ ಪ್ರಮಾಣವೇನು? ಔಷಧವಾಗಿದ್ದರೆ ತಕ್ಕಡಿಯಲ್ಲಿ ತೂಗಬಹುದಾಗಿತ್ತು. ಕಿರಣಕ್ಕೆ ತೂಕವಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಆದರೂ ಅದನ್ನು ನೂರಕ್ಕೆ ಒಂದೆರಡು ಭಾಗಗಳಷ್ಟೇ ವ್ಯತ್ಯಾಸ ಬರುವಂತೆ ಅಳೆಯಬೇಕಾಗಿದೆ. ಗಂತಿಗೆ ತಲಪುವ ವಿಕಿರಣವು ನೂರಕ್ಕೆ 5 ಭಾಗ ಕಡಮೆಯಾದರೆ ರೋಗ ಮರುಕಳಿಸುವ ಭಯವಿದೆ; ಅಷ್ಟೇ ಹೆಚ್ಚಾದರೆ ಸುತ್ತಲ ಆರೋಗ್ಯವಂತ ಅಂಗಗಳು ಕೆಡುವ ಭಯವಿದೆ. ಈ ಇಕ್ಕಟ್ಟಾದ ದಾರಿಯಲ್ಲಿ ಅಳತೆಯನ್ನು ನಡೆಸಿಕೊಂಡು ಹೋಗುವ ಬಗೆ ಯಾವುದೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಗ್ರೇ ಎಂದರೇನು?

ರಾಂಟ್ಗೆನ್ ಮಹಾಶಯನು 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ ಕೆಲವೇ ತಿಂಗಳುಗಳಲ್ಲಿ ವೈದ್ಯರು ಅವನ್ನು ಚಿಕಿತ್ಸೆಗೆ ಬಳಸತೊಡಗಿದರು. ಆಗ ಅವರಿಗಿದ್ದ ಅಳತೆಗೋಲು ರೋಗಿಯ ಚರ್ಮವೇ. ಚರ್ಮ ಕೆಂಪೇರಿತೆಂದರೆ ಸಾಕಷ್ಟು ಕಿರಣ ಬಿದ್ದಿದೆಯೆಂದು ತಿಳಿಯುತ್ತಿದ್ದರು. ಒಬ್ಬರ ಚರ್ಮ ಮತ್ತೊಬ್ಬರ ಚರ್ಮದಂತಿರುವುದಿಲ್ಲ. ಕೆಂಪು ಮೂಡುವುದಾದರೂ ಪೆಟ್ಟು ಬಿದ್ದು ದಿನಗಳು ಕಳೆದ ಮೇಲೆ. ಆದುದರಿಂದ 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಗಾಳಿಯಲ್ಲಿ ಹುಟ್ಟುವ ವಿದ್ಯುದಾವೇಶವನ್ನು ಆಧಾರವಾಗಿಟ್ಟುಕೊಂಡು ರಾಂಟ್ಗೆನ್ ಎಂಬ ಮಾನವನ್ನು ಗೊತ್ತುಮಾಡಿತು. ಆದರೆ ವೈದ್ಯನಿಗೆ ಬೇಕಾದುದು ಗಾಳಿಯ ಕಥೆಯಲ್ಲ, ದೇಹದ ಕಥೆ. ದೇಹದ ಪ್ರತಿಯೊಂದು ಕಿಲೋಗ್ರಾಮು ಎಷ್ಟು ಶಕ್ತಿಯನ್ನು ಹೀರಿಕೊಂಡಿತು ಎಂಬುದೇ ಮುಖ್ಯ. ಇದಕ್ಕೆ ಹೀರಿಕೆಯ ಡೋಸು ಎಂದು ಹೆಸರು. 1953ರಲ್ಲಿ ಇದಕ್ಕಾಗಿ ರ್‍ಯಾಡ್ ಎಂಬ ಮಾನವೂ, 1975ರಲ್ಲಿ ಗ್ರೇ ಎಂಬ ಮಾನವೂ ಬಳಕೆಗೆ ಬಂದುವು. ಒಂದು ಕಿಲೋಗ್ರಾಂ ವಸ್ತುವು ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದು 1 ಗ್ರೇ. ಈ ಹೆಸರು ಬ್ರಿಟನ್ನಿನ ಭೌತವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇ ಅವರ ನೆನಪಿಗಾಗಿ ಇಟ್ಟುದು. ಅವರ ಮಾತು ಮುಂದೆಯೂ ಬರುವುದು.

ಒಂದು ಗುಟುಕು ಕಾಫಿ

ಶಕ್ತಿಯೆಂದ ಮೇಲೆ ಶಾಖವಾಗಿಯೇ ಅಳೆಯಬಹುದಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಲೆಕ್ಕ ಮಾಡಿ ನೋಡಿರಿ. ಒಂದು ಕಿಲೋಗ್ರಾಂ ನೀರನ್ನು 1 ಡಿಗ್ರಿ ಬಿಸಿಮಾಡಲು ಸುಮಾರು 4,190 ಜೂಲ್ ಬೇಕು. ಹಾಗಾದರೆ 1 ಗ್ರೇ ಡೋಸಿನಿಂದ ನೀರಿನ ಉಷ್ಣತೆ ಏರುವುದು 0.00024 ಡಿಗ್ರಿ ಮಾತ್ರ! ಇಡೀ ದೇಹಕ್ಕೆ ಒಮ್ಮೆಲೇ 4 ಗ್ರೇ ಬಿದ್ದರೆ, ಚಿಕಿತ್ಸೆ ದೊರೆಯದಿದ್ದಲ್ಲಿ ಮನುಷ್ಯನು ಸಾಯುವ ಸಂಭವವು ಸುಮಾರು ಅರ್ಧಕ್ಕರ್ಧ. 60 ಕಿಲೋಗ್ರಾಂ ತೂಕದವನಲ್ಲಿ ಇದು 240 ಜೂಲ್ ಶಕ್ತಿ. ಸಕಲೇಶಪುರದ ಒಂದು ಬಟ್ಟಲು ಬಿಸಿಕಾಫಿಯಲ್ಲಿ ಒಂದು ಚಿಕ್ಕ ಗುಟುಕನ್ನು ಕುಡಿದರೆ ಅಷ್ಟೇ ಶಾಖ ನಮ್ಮ ಹೊಟ್ಟೆಯನ್ನು ಸೇರುತ್ತದೆ, ನಮಗೇನೂ ಆಗುವುದಿಲ್ಲ.

ಈ ವಿಚಿತ್ರಕ್ಕೆ ಕಾರಣವಿದೆ. ಕಾಫಿಯ ಶಾಖವು ಕೋಟ್ಯನುಕೋಟಿ ಅಣುಗಳಿಗೆ ಸಮವಾಗಿ ಹಂಚಿಹೋಗಿ ಪ್ರತಿಯೊಂದನ್ನೂ ಇಷ್ಟಿಷ್ಟೇ ಅಲುಗಿಸುತ್ತದೆ. ಕಿರಣದ ಶಕ್ತಿಯಾದರೋ ಅಲ್ಲಲ್ಲಿ ಒಂದೊಂದು ಅಣುವಿನ ಮೇಲೆ ಗುಂಡಿನಂತೆ ಬಡಿದು ಎಲೆಕ್ಟ್ರಾನನ್ನು ಕಿತ್ತೊಗೆಯುತ್ತದೆ. ಹೀಗೆ ಒಡೆದ ನೀರಿನ ಅಣುಗಳ ಚೂರುಗಳೂ, ನೇರವಾದ ಹೊಡೆತಗಳೂ ಜೀವಕೋಶದ ಆನುವಂಶಿಕ ಸೂತ್ರವನ್ನು ಕತ್ತರಿಸುತ್ತವೆ. ರೋಗದ ಕೋಶಗಳು ಸಾಯುವುದೂ, ಆರೋಗ್ಯದ ಕೋಶಗಳು ನರಳುವುದೂ ಇದರಿಂದಲೇ.

ಆದರೂ ಶಾಖದ ಅಳತೆಯನ್ನು ವಿಜ್ಞಾನಿಗಳು ಕೈಬಿಟ್ಟಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿ ಗ್ರಾಫೈಟಿನ ಕೆಲೋರಿಮೀಟರನ್ನೂ, ಕೆನಡಾ ಮತ್ತು ಜರ್ಮನಿಗಳಲ್ಲಿ ನೀರಿನ ಕೆಲೋರಿಮೀಟರನ್ನೂ ನಿರ್ಮಿಸಿ, ಡಿಗ್ರಿಯ ಹತ್ತು ಲಕ್ಷದಲ್ಲೊಂದು ಭಾಗದ ಮಟ್ಟದಲ್ಲಿ ಉಷ್ಣತೆಯ ಏರಿಕೆಯನ್ನು ಗುರುತಿಸುತ್ತಾರೆ. ನೀರನ್ನು 4 ಡಿಗ್ರಿಯಲ್ಲಿ ಇಡುವುದು ಇಲ್ಲಿಯ ಒಂದು ಜಾಣತನ. ಆ ಉಷ್ಣತೆಯಲ್ಲಿ ನೀರಿನ ಸಾಂದ್ರತೆ ಪರಮಾವಧಿಯಲ್ಲಿರುವುದರಿಂದ, ಅಲ್ಪಸ್ವಲ್ಪ ಬಿಸಿಯಾದರೂ ನೀರು ಮೇಲಕ್ಕೆ ಕೆಳಕ್ಕೆ ಹರಿದು ಶಾಖವನ್ನು ಚೆದರಿಸುವುದಿಲ್ಲ. ಪ್ರೌಢಶಾಲೆಯಲ್ಲಿ ಓದಿದ ನೀರಿನ ಈ ವಿಶೇಷ ಗುಣ ಇಂಥ ಸೂಕ್ಷ್ಮ ಕಾರ್ಯಕ್ಕೆ ಒದಗಿಬರುವುದನ್ನು ಗಮನಿಸಿರಿ. ಆದರೆ ಇಂಥ ಉಪಕರಣವನ್ನು ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಇಟ್ಟು ನಡೆಸುವುದು ಅಸಾಧ್ಯ. ಆಸ್ಪತ್ರೆಗೆ ಬೇಕಾದುದು ಚಿಕ್ಕದಾದ, ಗಟ್ಟಿಯಾದ, ಬೇಗನೆ ಉತ್ತರ ಹೇಳುವ ಸಾಧನ.

ಬೆರಳಟೋಪಿಯಷ್ಟು ಗಾಳಿ

ಆ ಸಾಧನವೇ ಅಯಾನು ಕೋಣೆ. ದರ್ಜಿಯು ಬೆರಳಿಗೆ ತೊಡುವ ಟೋಪಿಯ ಆಕಾರದ ಗ್ರಾಫೈಟಿನ ಗೂಡು. ಅದರ ನಡುವೆ ಅಲ್ಯೂಮಿನಿಯಂ ಸರಳು. ಎರಡರ ನಡುವೆ ಸುಮಾರು 0.6 ಘನ ಸೆಂಟಿಮೀಟರು ಗಾಳಿ. ಈ ಬಗೆಯ ಕೋಣೆಯನ್ನು 1955ರಲ್ಲಿ ಇಂಗ್ಲೆಂಡಿನ ಫಾರ್ಮರ್ ಎಂಬವರು ರೂಪಿಸಿದರು. ಇಂದಿಗೂ ಜಗತ್ತಿನ ಕಿರಣಚಿಕಿತ್ಸಾಲಯಗಳಲ್ಲಿ ಈ ಮಾದರಿಯೇ ಹೆಚ್ಚಾಗಿ ಬಳಕೆಯಲ್ಲಿದೆ.

ಕಿರಣ ಬಿದ್ದಾಗ ಗಾಳಿಯ ಅಣುಗಳು ಒಡೆದು ಧನ ಮತ್ತು ಋಣ ಅಯಾನುಗಳಾಗುತ್ತವೆ. ಸರಳಿಗೂ ಗೂಡಿಗೂ ಕೆಲವು ನೂರು ವೋಲ್ಟುಗಳ ಅಂತರವನ್ನು ಕೊಟ್ಟರೆ ಅವು ಎರಡು ಕಡೆಗೆ ಸೆಳೆಯಲ್ಪಟ್ಟು ಆವೇಶವಾಗಿ ಸಂಗ್ರಹವಾಗುತ್ತವೆ. ಒಣಗಾಳಿಯಲ್ಲಿ ಒಂದು ಕೂಲಂ ಆವೇಶವನ್ನು ಬಿಡಿಸಲು ಸರಾಸರಿ 33.97 ಜೂಲ್ ಶಕ್ತಿ ಬೇಕೆಂಬುದು ತಿಳಿದಿದೆ. ಆದುದರಿಂದ ಆವೇಶವನ್ನು ಎಣಿಸಿದರೆ ಗಾಳಿಯು ಹೀರಿದ ಶಕ್ತಿ ಗೊತ್ತಾಗುವುದು. ಈ ಕೋಣೆಯಲ್ಲಿರುವ ಗಾಳಿಯ ತೂಕ ಸಮುದ್ರಮಟ್ಟದಲ್ಲಿ 0.72 ಮಿಲಿಗ್ರಾಂ. ನೀರಿನಲ್ಲಿ 1 ಗ್ರೇ ಡೋಸಾದಾಗ ಕೋಣೆಯು ಕೊಡುವ ಆವೇಶ ಸುಮಾರು 19 ನ್ಯಾನೊಕೂಲಂ. ಎಂದರೆ ಕೂಲಂನ ನೂರು ಕೋಟಿಯಲ್ಲಿ 19 ಭಾಗ. ಇದು ಅತ್ಯಲ್ಪವೆಂದು ತೋರಿದರೂ ಇಂದಿನ ಎಲೆಕ್ಟ್ರೋಮೀಟರಿಗೆ ಧಾರಾಳವಾಗಿ ಸಾಕು. ಶಾಖವಾಗಿ ಕಂಡೂ ಕಾಣದಂತಿದ್ದ ಶಕ್ತಿ, ವಿದ್ಯುತ್ತಾಗಿ ಸುಲಭವಾಗಿ ಕೈಗೆ ಸಿಕ್ಕಿತು.

ಆದರೆ ಗಾಳಿ ಹೀರಿದ ಶಕ್ತಿಯಿಂದ ನೀರು ಹೀರುವ ಶಕ್ತಿಯನ್ನು ಹೇಗೆ ತಿಳಿಯುವುದು? ಈ ತೊಡಕನ್ನು ಬಿಡಿಸಿದವರು ಬ್ರಾಗ್ ಮತ್ತು ಗ್ರೇ. ಗುಳಿಯು ಬಹಳ ಚಿಕ್ಕದಾಗಿದ್ದರೆ, ಸುತ್ತಲಿನ ನೀರಿನಲ್ಲಿ ಹುಟ್ಟಿ ಓಡುವ ಎಲೆಕ್ಟ್ರಾನುಗಳು ಅದರ ಇರವನ್ನೇ ಅರಿಯದಂತೆ ದಾಟಿಹೋಗುತ್ತವೆ. ಆಗ ಗಾಳಿಯ ಡೋಸಿಗೂ ನೀರಿನ ಡೋಸಿಗೂ ಇರುವ ಅನುಪಾತವು, ಆ ಎಲೆಕ್ಟ್ರಾನುಗಳನ್ನು ತಡೆಯುವುದರಲ್ಲಿ ಎರಡು ವಸ್ತುಗಳಿಗಿರುವ ಸಾಮರ್ಥ್ಯಗಳ ಅನುಪಾತವಷ್ಟೆ. ಕೋಬಾಲ್ಟ್ ಕಿರಣಕ್ಕೆ ಇದು ಸುಮಾರು 1.13. ಗ್ರೇ ಅವರು 1936ರಲ್ಲಿ ಇದನ್ನು ಸ್ಪಷ್ಟವಾಗಿ ಪ್ರತಿಪಾದಿಸಿದರು.

ನೀರಿನ ತೊಟ್ಟಿಯಲ್ಲಿ

ಮಾನವದೇಹದ ಹೆಚ್ಚು ಭಾಗ ನೀರೇ. ಆದುದರಿಂದ ಅಳತೆಯನ್ನು ರೋಗಿಯ ಬದಲು ನೀರಿನ ತೊಟ್ಟಿಯಲ್ಲಿ ಮಾಡುವರು. ಇಂದು ಬಳಕೆಯಲ್ಲಿರುವ ರೇಖೀಯ ವೇಗವರ್ಧಕಗಳು ಎಲೆಕ್ಟ್ರಾನುಗಳನ್ನು 60 ಲಕ್ಷ ವೋಲ್ಟಿಗೆ ಸಮನಾದ ವೇಗಕ್ಕೆ ಏರಿಸಿ, ಲೋಹದ ಗುರಿಗೆ ಹೊಡೆಯಿಸಿ, ಕ್ಷ-ಕಿರಣದ ಫೋಟಾನುಗಳನ್ನು ಹೊರಡಿಸುತ್ತವೆ. ಫೋಟಾನು ತಾನಾಗಿ ಹೆಚ್ಚು ಹಾನಿಯನ್ನು ಮಾಡದು. ಅದು ಎಬ್ಬಿಸಿದ ಎಲೆಕ್ಟ್ರಾನುಗಳು ಮುಂದಕ್ಕೆ ಓಡುತ್ತ ಶಕ್ತಿಯನ್ನು ಚೆಲ್ಲುತ್ತವೆ. ಆದುದರಿಂದ ಡೋಸು ಚರ್ಮದ ಮೇಲೆ ಕಡಮೆಯಿದ್ದು, ಒಳಗೆ ಹೋದಂತೆ ಏರಿ, ಸುಮಾರು 1.5 ಸೆಂಟಿಮೀಟರು ಆಳದಲ್ಲಿ ಪರಮಾವಧಿಯನ್ನು ಮುಟ್ಟಿ, ಅನಂತರ ಮೆಲ್ಲನೆ ಇಳಿಯುತ್ತದೆ. ಮೊದಲಿನ ವೈದ್ಯರಿಗೆ ಅಳತೆಗೋಲಾಗಿದ್ದ ಚರ್ಮವೇ ಈಗ ಎಲ್ಲಕ್ಕಿಂತ ಸುರಕ್ಷಿತವಾಗಿ ಉಳಿಯುವುದು.

ಅಳತೆಗಾಗಿ 10 ಸೆಂಟಿಮೀಟರು ಉದ್ದ, ಅಷ್ಟೇ ಅಗಲದ ಕಿರಣವನ್ನು ತೊಟ್ಟಿಯ ಮೇಲೆ ಬಿಟ್ಟು, ಕೋಣೆಯನ್ನು 10 ಸೆಂಟಿಮೀಟರು ಆಳದಲ್ಲಿ ನಿಲ್ಲಿಸುವರು. ಈ ವಿಧಿಯನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 2000ದಲ್ಲಿ ಸಂಹಿತೆಯಾಗಿ ಪ್ರಕಟಿಸಿ, 2024ರಲ್ಲಿ ಪರಿಷ್ಕರಿಸಿತು. ಕೋಣೆಯ ಪ್ರತಿ ನ್ಯಾನೊಕೂಲಂ ಎಷ್ಟು ಗ್ರೇಗೆ ಸಮ ಎಂಬ ಗುಣಾಂಕವನ್ನು ಆಸ್ಪತ್ರೆ ತಾನಾಗಿ ನಿರ್ಣಯಿಸುವುದಿಲ್ಲ. ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಪ್ರಯೋಗಶಾಲೆಯು ಕೋಬಾಲ್ಟ್-60ರ ಕಿರಣದಲ್ಲಿ ಕೋಣೆಯನ್ನು ಪರೀಕ್ಷಿಸಿ ಗುಣಾಂಕವನ್ನು ಬರೆದುಕೊಡುತ್ತದೆ. ಆ ಪ್ರಯೋಗಶಾಲೆಯ ಪ್ರಮಾಣಗಳು ಅಂತರರಾಷ್ಟ್ರೀಯ ಪ್ರಮಾಣಗಳೊಡನೆ ಹೋಲಿಸಲ್ಪಟ್ಟಿರುತ್ತವೆ. ಹೀಗೆ ಬೆಂಗಳೂರಿನ ತೊಟ್ಟಿಯೊಳಗಿನ ಪುಟ್ಟ ಕೋಣೆಗೂ ದೂರದೇಶದ ಕೆಲೋರಿಮೀಟರಿಗೂ ಒಂದು ಸರಪಣಿ ಹಬ್ಬಿದೆ.

ಹಾಸನದಿಂದ ದಕ್ಷಿಣಕ್ಕೆ ಹತ್ತು ಹನ್ನೆರಡು ಕಿಲೋಮೀಟರು ದೂರದಲ್ಲಿರುವ ಮೊಸಳೆ ಗ್ರಾಮದ ಅವಳಿ ದೇಗುಲಗಳನ್ನು ನೋಡಿದವರಿಗೆ ಈ ಸರಪಣಿಯ ಅರ್ಥ ಬೇಗನೆ ಹೊಳೆಯುವುದು. ಸುಮಾರು 1200ರ ಹೊಯ್ಸಳರ ಕಾಲದ ನಾಗೇಶ್ವರ, ಚೆನ್ನಕೇಶವ ಗುಡಿಗಳು ಅಕ್ಕಪಕ್ಕದಲ್ಲಿ ಒಂದರಂತೆ ಒಂದು ನಿಂತಿವೆ. ಎರಡು ಗುಡಿಗಳ ಶಿಲ್ಪಿಗಳೂ ಒಂದೇ ಅಳತೆಗೋಲನ್ನು ಹಿಡಿಯದಿದ್ದರೆ ಇಂಥ ಸಾಮ್ಯ ಬರುತ್ತಿರಲಿಲ್ಲ. ಕಿರಣಚಿಕಿತ್ಸೆಗೂ ಇದೇ ಬೇಕು. ಯಾವ ಗಂತಿಗೆ ಎಷ್ಟು ಗ್ರೇ ತಕ್ಕುದೆಂಬ ಜ್ಞಾನವು ಅನೇಕ ದೇಶಗಳ ಸಾವಿರಾರು ರೋಗಿಗಳ ಅನುಭವದಿಂದ ಬಂದುದು. ಲಂಡನ್ನಿನ 2 ಗ್ರೇ ಬೆಂಗಳೂರಿನ 2 ಗ್ರೇ ಆಗದಿದ್ದರೆ ಆ ಅನುಭವವೆಲ್ಲ ನಮ್ಮ ರೋಗಿಗೆ ನಿಷ್ಪ್ರಯೋಜಕ.

ಮೊಸಳೆಯ ಗಾಳಿ, ಟ್ರಾಂಬೆಯ ಗಾಳಿ

ಇನ್ನು ನಮ್ಮ ನಾಡಿಗೇ ವಿಶೇಷವಾದ ಒಂದು ವಿಷಯ. ಕೋಣೆಯೊಳಗಿನ ಗಾಳಿ ಹೊರಗಿನ ಗಾಳಿಯೊಡನೆ ಸೂಕ್ಷ್ಮ ರಂಧ್ರದ ಮೂಲಕ ಕೂಡಿಕೊಂಡಿರುತ್ತದೆ. ಆದುದರಿಂದ ಹೊರಗಿನ ಒತ್ತಡ ತಗ್ಗಿದರೆ ಒಳಗಿನ ಗಾಳಿಯೂ ತೆಳುವಾಗುವುದು. ಒಡೆಯತಕ್ಕ ಅಣುಗಳೇ ಕಡಮೆಯಾಗುವುವು. ಟ್ರಾಂಬೆಯು ಕಡಲ ಮಗ್ಗುಲಲ್ಲಿದೆ. ಮೊಸಳೆ, ಹಾಸನ, ಬೆಂಗಳೂರುಗಳು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಮೇಲಿವೆ. ಇಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುವುದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಕಾಲೇಜಿನ ಫೋರ್ಟಿನ್ ವಾಯುಭಾರಮಾಪಕದಲ್ಲಿ ಪಾದರಸವು 760 ಮಿಲಿಮೀಟರಿಗೆ ಏರದೆ 680ರ ಆಸುಪಾಸಿನಲ್ಲಿ ನಿಲ್ಲುವುದನ್ನೂ ಅವರು ಕಂಡಿರುವರು. ಕಡಲತೀರದಲ್ಲಿ 0.72 ಮಿಲಿಗ್ರಾಂ ಗಾಳಿಯಿದ್ದ ಕೋಣೆಯಲ್ಲಿ ಇಲ್ಲಿ ಇರುವುದು ಸುಮಾರು 0.64 ಮಿಲಿಗ್ರಾಂ. ಕಿರಣ ಅದೇ, ಡೋಸು ಅದೇ. ಆದರೆ ಕೋಣೆ ತೋರಿಸುವ ಅಂಕಿ ನೂರಕ್ಕೆ ಹತ್ತಕ್ಕಿಂತಲೂ ಹೆಚ್ಚು ಭಾಗ ಕಡಮೆ.

ಒಂದು ಲೆಕ್ಕವನ್ನು ಮಾಡೋಣ. ಅಂಕಿಗಳು ಉದಾಹರಣೆಗಾಗಿ ಕಲ್ಪಿಸಿಕೊಂಡವು. ಆದರೆ ನಿಜಕ್ಕೆ ಹತ್ತಿರವಾದವು. ಯಂತ್ರವನ್ನು 100 ಎಣಿಕೆ ನಡೆಸಿದಾಗ ಕೋಣೆಯು 11.02 ನ್ಯಾನೊಕೂಲಂ ತೋರಿಸಿತು. ನೀರಿನ ಉಷ್ಣತೆ 25 ಡಿಗ್ರಿ. ಒತ್ತಡ 683 ಮಿಲಿಮೀಟರು. ಟ್ರಾಂಬೆಯ ಗುಣಾಂಕವು 20 ಡಿಗ್ರಿಗೂ 760 ಮಿಲಿಮೀಟರಿಗೂ ಹೊಂದಿಸಿ ಕೊಟ್ಟುದು. ಉಷ್ಣತೆಗಾಗಿ 298.15ನ್ನು 293.15ರಿಂದ ಭಾಗಿಸಿದರೆ 1.017, ಒತ್ತಡಕ್ಕಾಗಿ 760ನ್ನು 683ರಿಂದ ಭಾಗಿಸಿದರೆ 1.113. ಎರಡರಿಂದಲೂ ಗುಣಿಸಿದರೆ 11.02 ಎಂಬುದು 12.47 ಆಗುವುದು. ಗುಣಾಂಕವು ನ್ಯಾನೊಕೂಲಂ ಒಂದಕ್ಕೆ 0.054 ಗ್ರೇ ಆಗಿದ್ದರೆ 0.673 ಗ್ರೇ ಬಂದಿತು. ಕೋಬಾಲ್ಟಿನ ಕಿರಣಕ್ಕಿಂತ ಈ ಕಿರಣದ ಶಕ್ತಿ ಬೇರೆಯಾದುದರಿಂದ 0.99ರಿಂದ ಗುಣಿಸಬೇಕು, ಉತ್ತರ 0.667 ಗ್ರೇ. ಇದು 10 ಸೆಂಟಿಮೀಟರು ಆಳದ ಡೋಸು. ಆ ಆಳದಲ್ಲಿ ಡೋಸು ಪರಮಾವಧಿಯ 0.667 ಭಾಗವೆಂದು ಮೊದಲೇ ಅಳೆದು ತಿಳಿದಿದ್ದರೆ, ಪರಮಾವಧಿಯ ಡೋಸು ಸರಿಯಾಗಿ 1.00 ಗ್ರೇ. ಯಂತ್ರ ಸರಿಯಾಗಿದೆ.

ಈಗ ಒಬ್ಬನು ವಾಯುಭಾರಮಾಪಕವನ್ನು ನೋಡುವ ಬದಲು ಹವಾಮಾನದ ವರದಿಯಿಂದ ಒತ್ತಡವನ್ನು ತೆಗೆದುಕೊಂಡನೆನ್ನೋಣ. ಊರು ಊರುಗಳ ಹವೆಯನ್ನು ಹೋಲಿಸುವ ಸಲುವಾಗಿ ಇಂಥ ವರದಿಗಳಲ್ಲಿ ಒತ್ತಡವನ್ನು ಅನೇಕ ವೇಳೆ ಸಮುದ್ರಮಟ್ಟಕ್ಕೆ ಇಳಿಸಿ ಕೊಟ್ಟಿರುತ್ತಾರೆ. ಅಲ್ಲಿ ಕಾಣುವುದು 760ಕ್ಕೆ ಸಮೀಪದ ಅಂಕಿ. ಅದನ್ನು ಹಾಕಿದರೆ ಉತ್ತರ 1.00 ಗ್ರೇ ಬದಲು 0.90 ಗ್ರೇ ಬರುವುದು. ಯಂತ್ರ ದುರ್ಬಲವಾಗಿದೆಯೆಂದು ತಿಳಿದು ಅವನು ಅದನ್ನು ಏರಿಸಿಬಿಟ್ಟರೆ, 60 ಗ್ರೇ ಬೇಕಾದ ರೋಗಿಗೆ 66 ಗ್ರೇಗಿಂತಲೂ ಹೆಚ್ಚು ಸಲ್ಲುವುದು. ಯಂತ್ರದಲ್ಲಿ ದೋಷವಿಲ್ಲ, ಕೋಣೆಯಲ್ಲಿ ದೋಷವಿಲ್ಲ. ಊರಿನ ಎತ್ತರವನ್ನು ಮರೆತದ್ದೇ ದೋಷ. ಸಮುದ್ರತೀರದ ಮಂಗಳೂರಿನಲ್ಲಿ ಇದೇ ಅಜಾಗ್ರತೆಯಿಂದ ಅಷ್ಟೇನೂ ಕೇಡಾಗುತ್ತಿರಲಿಲ್ಲ. ನಮ್ಮ ಪ್ರಸ್ಥಭೂಮಿಯಲ್ಲಿ ಅದು ಕ್ಷಮಿಸತಕ್ಕ ತಪ್ಪಲ್ಲ.

ಅಳತೆ ತಪ್ಪಿದಲ್ಲಿ

ಇಂಥ ತಪ್ಪುಗಳು ಬರಿಯ ಊಹೆಯಲ್ಲ. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ, ಅದರ ಶಕ್ತಿ ತಿಂಗಳಿಗೆ ನೂರಕ್ಕೆ ಸುಮಾರು 1.1 ಭಾಗ ಕ್ಷೀಣಿಸುವುದು. ಕ್ಷೀಣಿಸಿದಂತೆಲ್ಲ ಚಿಕಿತ್ಸೆಯ ಕಾಲವನ್ನು ಹೆಚ್ಚಿಸಬೇಕು. ಅಮೆರಿಕದ ಕೊಲಂಬಸ್ ನಗರದ ಒಂದು ಆಸ್ಪತ್ರೆಯಲ್ಲಿ ಈ ಕ್ಷಯದ ರೇಖೆಯನ್ನು ತಪ್ಪಾಗಿ ಎಳೆದುದರಿಂದ, 1974ರಿಂದ 1976ರ ವರೆಗೆ 426 ರೋಗಿಗಳಿಗೆ ಹೆಚ್ಚು ಡೋಸು ಬಿದ್ದಿತು. ಮೊದಲು ನೂರಕ್ಕೆ 10 ಭಾಗದಷ್ಟಿದ್ದ ಹೆಚ್ಚಳ ಕಡೆಗೆ 45 ಭಾಗಕ್ಕೆ ಏರಿತು. ರೇಖೆಯನ್ನು ನಂಬಿ, ಕೋಣೆಯಿಂದ ಅಳೆದು ನೋಡುವ ಪದ್ಧತಿಯನ್ನು ಬಿಟ್ಟಿದ್ದರು.

ಮಧ್ಯ ಅಮೆರಿಕದ ಕೋಸ್ಟಾ ರಿಕಾ ದೇಶದಲ್ಲಿ 1996ರಲ್ಲಿ ನಡೆದುದು ಇನ್ನೂ ದಾರುಣ. ಹೊಸ ಕೋಬಾಲ್ಟನ್ನು ಕೂರಿಸಿ ಅಳೆಯುವಾಗ, 0.3 ನಿಮಿಷವೆಂಬುದನ್ನು 30 ಸೆಕೆಂಡೆಂದು ಭಾವಿಸಲಾಯಿತು. 0.3 ನಿಮಿಷವೆಂದರೆ 18 ಸೆಕೆಂಡು. ಹೀಗೆ ಕಿರಣದ ಬಲವನ್ನು ಇದ್ದುದಕ್ಕಿಂತ ಕಡಮೆಯೆಂದು ಎಣಿಸಿದ್ದರಿಂದ, 115 ರೋಗಿಗಳಿಗೆ ವಿಧಿಸಿದುದರ ಒಂದೂವರೆ ಪಾಲಿಗೂ ಮಿಕ್ಕಿದ ಡೋಸು ಸಂದಿತು. ಹಲವರು ಅದರಿಂದಲೇ ಮಡಿದರು. ದಶಮಾಂಶವನ್ನು ನಿಮಿಷ ಸೆಕೆಂಡುಗಳಿಗೆ ತಿರುಗಿಸುವ ಲೆಕ್ಕ ಪ್ರಾಥಮಿಕ ಶಾಲೆಯದು. ಅದರ ಬೆಲೆ ಮಾತ್ರ ಮನುಷ್ಯರ ಪ್ರಾಣವಾಯಿತು.

ಎರಡನೆಯ ಕಣ್ಣು

ಈ ಎರಡು ಪ್ರಸಂಗಗಳಲ್ಲಿಯೂ ಒಂದು ಸಾಮಾನ್ಯ ಅಂಶವಿದೆ. ಒಬ್ಬನು ಮಾಡಿದ ಲೆಕ್ಕವನ್ನು ಮತ್ತೊಬ್ಬನು ಸ್ವತಂತ್ರವಾಗಿ ಪರಿಶೀಲಿಸಲಿಲ್ಲ. ಆದುದರಿಂದಲೇ ಇಂದಿನ ಪದ್ಧತಿಯಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆಯನ್ನು ಇಟ್ಟಿದ್ದಾರೆ. ಯಂತ್ರದ ಬಲವನ್ನು ಪ್ರತಿದಿನ ಬೆಳಗ್ಗೆ ನೋಡಿ ನೂರಕ್ಕೆ 3 ಭಾಗದೊಳಗಿರುವುದನ್ನೂ, ತಿಂಗಳಿಗೊಮ್ಮೆ ಎಚ್ಚರಿಕೆಯಿಂದ ಅಳೆದು 2 ಭಾಗದೊಳಗಿರುವುದನ್ನೂ ಖಚಿತಪಡಿಸಿಕೊಳ್ಳುವರು. ವೈದ್ಯಕೀಯ ಭೌತವಿಜ್ಞಾನಿಯಿಲ್ಲದೆ ನಮ್ಮ ದೇಶದಲ್ಲಿ ಕಿರಣಚಿಕಿತ್ಸಾಲಯವನ್ನು ನಡೆಸುವಂತಿಲ್ಲ. ಇದರ ಮೇಲ್ವಿಚಾರಣೆ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು.

ಅಂಚೆಯ ಮೂಲಕ ನಡೆಯುವ ಪರೀಕ್ಷೆಯೊಂದುಂಟು. ಅದು ಬಹಳ ಸ್ವಾರಸ್ಯವಾದುದು. ಲಿಥಿಯಂ ಫ್ಲೋರೈಡಿನಂಥ ಕೆಲವು ಸ್ಫಟಿಕಗಳು ವಿಕಿರಣದ ಶಕ್ತಿಯನ್ನು ತಮ್ಮೊಳಗೆ ಬಚ್ಚಿಟ್ಟುಕೊಂಡು, ಅನಂತರ ಕಾಯಿಸಿದಾಗ ಬೆಳಕಾಗಿ ಬಿಡುತ್ತವೆ. ಅಂಥ ಪುಡಿಯನ್ನು ಪುಟ್ಟ ಕೊಳವೆಯಲ್ಲಿ ತುಂಬಿ ಆಸ್ಪತ್ರೆಗೆ ಕಳುಹಿಸುವರು. ಆಸ್ಪತ್ರೆಯವರು ತಮ್ಮ ಲೆಕ್ಕದಂತೆ 2 ಗ್ರೇ ಕೊಟ್ಟು ಹಿಂದಿರುಗಿಸುವರು. ಪುಡಿಯನ್ನು ಕಾಯಿಸಿ ಬೆಳಕನ್ನು ಅಳೆದರೆ ನಿಜವಾಗಿ ಬಿದ್ದ ಡೋಸು ಹೊರಬೀಳುವುದು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ ಈ ಸೇವೆಯನ್ನು 1969ರಲ್ಲಿ ಆರಂಭಿಸಿದುವು. ನಮ್ಮ ದೇಶದ ಆಸ್ಪತ್ರೆಗಳಿಗಾಗಿ ಟ್ರಾಂಬೆಯ ಕೇಂದ್ರವೂ ಇಂಥ ಪರೀಕ್ಷೆಯನ್ನು ನಡೆಸುತ್ತ ಬಂದಿದೆ. ಅಳೆದವನ ಅಳತೆಯನ್ನು ದೂರದಲ್ಲಿರುವ ಮತ್ತೊಬ್ಬನು, ಅವನ ಲೆಕ್ಕವನ್ನು ನೋಡದೆಯೇ, ಅಳೆಯುವನು.

ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ವಾಯುಭಾರಮಾಪಕದ ಪಾದರಸವನ್ನು ದಂತದ ಮೊನೆಗೆ ತಾಗಿಸಿ, ವರ್ನಿಯರನ್ನು ಓದಿ, ಉಷ್ಣತೆಯ ತಿದ್ದುಪಡಿ ಮಾಡುವಾಗ, ಇಷ್ಟು ಗೊಡವೆಯೇಕೆಂದು ಬೇಸರಪಡುವುದುಂಟು. ಆ 77 ಮಿಲಿಮೀಟರು ಪಾದರಸದ ಕೊರತೆಯು ಎಲ್ಲಿಗೆ ಹೋಗಿ ಮುಟ್ಟುವುದೆಂಬುದನ್ನು ಈಗ ಅವರು ಬಲ್ಲರು. ಯಂತ್ರದ ಕೆಳಗೆ ಮಲಗಿದವನು ತನಗೆ ಬಿದ್ದ ಕಿರಣವನ್ನು ಕಾಣಲಾರನು, ಅಳೆಯಲಾರನು. ಚೀಟಿಯಲ್ಲಿ ಬರೆದ 2 ಗ್ರೇ ನಿಜವಾಗಿಯೂ 2 ಗ್ರೇ ಎಂದು ನಂಬುವುದೊಂದೇ ಅವನಿಂದಾಗುವ ಕೆಲಸ. ಆ ನಂಬಿಕೆಗೆ ತಕ್ಕಂತೆ ಅಳತೆಯನ್ನು ಇಡುವುದು ಭೌತವಿಜ್ಞಾನವನ್ನು ಕಲಿತವರ ಹೊಣೆ.